ಪುಸ್ತಕ ಮುಚ್ಚಿದ ಮೇಲಿನ ಓದು

ಓದುಗರ ಪ್ರಶ್ನೆಗಳಿಗೆ ಹಾಸನದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರ ಉತ್ತರ

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಹಳ್ಳಿಯವಳು, ಹಾಸನದಲ್ಲಿ ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಹೋಗಿ ಬರುವುದಕ್ಕೇ ದಿನಕ್ಕೆ ಮೂರು ಗಂಟೆ ಬೇಕು. ಕತ್ತಲಾದರೆ ದಾರಿಯಲ್ಲಿ ಆನೆಯ ಭಯವಿರುವುದರಿಂದ ಟ್ಯೂಷನ್ನಿಗೆ ನಿಲ್ಲಲು ಆಗುವುದಿಲ್ಲ. ಡಿಸೆಂಬರಿನಿಂದ ಕಾಫಿ ಕೊಯ್ಲು, ಕಣದ ಕೆಲಸಕ್ಕೂ ಕೈಜೋಡಿಸಬೇಕು. ರಾತ್ರಿ ಪ್ರತಿ ಪಾಠವನ್ನೂ ನಾಲ್ಕೈದು ಸಲ ಓದುತ್ತೇನೆ. ಓದುವಾಗ ಎಲ್ಲವೂ ಅರ್ಥವಾಗುತ್ತದೆ, ಕಿರುಪರೀಕ್ಷೆಗೆ ಕುಳಿತರೆ ಏನೂ ನೆನಪಾಗುವುದಿಲ್ಲ. ನನ್ನ ಬುದ್ಧಿಯೇ ಮಂದವೇ ಸರ್?

ಉತ್ತರ: ಮಂದವಲ್ಲ ಮಗಳೇ. ಮೊಮ್ಮಗಳ ವಯಸ್ಸಿನವಳಾದ್ದರಿಂದ ಏಕವಚನದಲ್ಲೇ ಬರೆಯುತ್ತಿದ್ದೇನೆ. ನಿನ್ನ ಪತ್ರದಲ್ಲಿ ಬಸ್ಸು, ಆನೆ, ಕಣ ಎಲ್ಲವೂ ತೊಂದರೆಗಳೇ ಆದರೂ ನಿನ್ನನ್ನು ಕಿರುಪರೀಕ್ಷೆಯಲ್ಲಿ ಸೋಲಿಸಿರುವುದು ‘ನಾಲ್ಕೈದು ಸಲ ಓದುತ್ತೇನೆ’ ಎಂಬ ಆ ಒಂದು ಅಭ್ಯಾಸ. ಊರ ಜಾತ್ರೆಯಲ್ಲಿ ವರ್ಷವರ್ಷವೂ ಕಾಣುವ ಮುಖವನ್ನು ಕಂಡ ಕೂಡಲೇ ಗುರುತಿಸುತ್ತೇವೆ, ಆದರೆ ಅವರ ಹೆಸರೇನೆಂದು ಯಾರಾದರೂ ಕೇಳಿದರೆ ಬಾಯಿಗೆ ಬರುವುದಿಲ್ಲ. ತೆರೆದ ಪುಸ್ತಕದ ಸಾಲುಗಳೂ ಹಾಗೆಯೇ. ನಾಲ್ಕನೆಯ ಸಲ ಓದುವಾಗ ಅವು ಪರಿಚಿತವಾಗಿರುತ್ತವೆ, ಆ ಪರಿಚಯವನ್ನೇ ನಾವು ತಿಳಿವಳಿಕೆಯೆಂದು ನಂಬಿಬಿಡುತ್ತೇವೆ.

ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು. ಇನ್ನೊಂದು ಗದ್ಯಭಾಗವನ್ನು ಒಂದು ಸಲ ಓದಿ, ಬಳಿಕ ಅದನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದ್ದೇ ಹೆಚ್ಚು ನೆನಪಿತ್ತು. ಒಂದು ವಾರ ಕಳೆಯುವಷ್ಟರಲ್ಲಿ ಲೆಕ್ಕ ತಿರುಗುಮುರುಗಾಗಿ, ನೋಡದೆ ಬರೆದದ್ದರಲ್ಲಿ ಶೇ. 56ರಷ್ಟೂ, ಓದಿಕೊಂಡೇ ಹೋದದ್ದರಲ್ಲಿ ಶೇ. 42ರಷ್ಟೂ ಉಳಿದಿತ್ತು. ನಿನ್ನ ಪರೀಕ್ಷೆ ಐದು ನಿಮಿಷದ ನಂತರ ಬರುವುದಿಲ್ಲ, ತಿಂಗಳುಗಳ ನಂತರ ಬರುತ್ತದೆ.

ಇದನ್ನು ನಿನ್ನ ಮೇಜಿನ ಮೇಲೆ ಹೇಗೆ ಮಾಡಬೇಕೆಂದು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ವೀಟ್‌ಸ್ಟೋನ್ ಸೇತುವೆ ಎಂಬ ವಿದ್ಯುತ್ ಮಂಡಲದ ಸಮತೋಲನ ಸ್ಥಿತಿಯ ಸೂತ್ರದ ವ್ಯುತ್ಪತ್ತಿಯನ್ನು ಒಮ್ಮೆ ಗಮನವಿಟ್ಟು ಓದು. ಬಳಿಕ ಪುಸ್ತಕ ಮುಚ್ಚಿ ಪಕ್ಕಕ್ಕಿಡು. ಬಿಳಿ ಹಾಳೆಯಲ್ಲಿ ನಾಲ್ಕು ರೋಧಕಗಳನ್ನೂ ನಡುವೆ ಪ್ರವಾಹವನ್ನು ತೋರಿಸುವ ಗ್ಯಾಲ್ವನೋಮೀಟರನ್ನೂ ಬರೆದು, ವಿದ್ಯುತ್ ಪ್ರವಾಹದ ದಿಕ್ಕಿಗೆ ಬಾಣಗಳನ್ನು ಹಾಕಿ, ಮೊದಲ ಲೂಪಿಗೆ ಕಿರ್ಕಾಫನ ನಿಯಮವನ್ನು ಬರೆ. ಬಹುಮಟ್ಟಿಗೆ ಇಲ್ಲಿಯವರೆಗೆ ಎಲ್ಲರಿಗೂ ಬರುತ್ತದೆ. ಎರಡನೆಯ ಲೂಪಿನಲ್ಲಿ ಗ್ಯಾಲ್ವನೋಮೀಟರಿನ ಪದಕ್ಕೆ ಕೂಡುವ ಚಿಹ್ನೆಯೋ ಕಳೆಯುವ ಚಿಹ್ನೆಯೋ ಎಂಬಲ್ಲಿ ಪೆನ್ನು ನಿಲ್ಲುತ್ತದೆ. ನಿಂತ ಕೂಡಲೇ ಪುಸ್ತಕ ತೆರೆಯಬೇಡ, ಎರಡು ನಿಮಿಷ ಬಾಣದ ದಿಕ್ಕನ್ನೇ ನೋಡುತ್ತ ಒದ್ದಾಡು. ಆಮೇಲೆ ತೆರೆದು ಆ ಒಂದು ಸಾಲನ್ನು ಮಾತ್ರ ನೋಡಿ, ಮತ್ತೆ ಮುಚ್ಚಿ, ಮೊದಲಿನಿಂದ ಬರೆ. ಆ ಒದ್ದಾಟದ ಎರಡು ನಿಮಿಷವೇ ನಿಜವಾದ ಓದು ಎಂಬುದು ತರಗತಿಯಲ್ಲಿ ಮೂರು ದಶಕ ನಿಂತು ನಾನು ಕಂಡುಕೊಂಡದ್ದು. ಪಠ್ಯಪುಸ್ತಕದ ಪ್ರತಿ ಸಾಲಿಗೂ ಮೂರು ಬಣ್ಣದಲ್ಲಿ ಗೆರೆ ಎಳೆದು, ಉತ್ತರ ಪತ್ರಿಕೆಯಲ್ಲಿ ಅರ್ಧ ಪುಟ ಖಾಲಿ ಬಿಟ್ಟು ಎದ್ದುಹೋದ ಶ್ರದ್ಧಾವಂತ ಮಕ್ಕಳನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ, ಏಕೆಂದರೆ ಅವರಿಗೆ ಇದನ್ನು ಮೊದಲ ವರ್ಷವೇ ಹೇಳಿಕೊಡಬೇಕಾಗಿದ್ದವನು ನಾನು.

ಒಮ್ಮೆ ಬರೆದು ಬಂದಿತೆಂದು ಆ ಪಾಠವನ್ನು ಮಾರ್ಚಿನವರೆಗೆ ಮರೆತುಬಿಡಬಾರದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇವೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಒಂದು ದಿನದ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಅವರಿಗೆ ಮೊದಲು ಹಿಡಿದ ಸಮಯದ ಸುಮಾರು ಮೂರನೇ ಎರಡು ಭಾಗ ಬೇಕಾಯಿತು. ಅರ್ಥವಿರುವ ಪಾಠ ಇಷ್ಟು ಬೇಗ ಅಳಿಸಿಹೋಗುವುದಿಲ್ಲ, ಆದರೂ ಮರೆವು ಮೊದಲ ದಿನಗಳಲ್ಲೇ ಹೆಚ್ಚು ಎಂಬುದು ಎಲ್ಲಕ್ಕೂ ಸಲ್ಲುತ್ತದೆ. ಆದ್ದರಿಂದ ಇಂದು ಬರೆದದ್ದನ್ನು ನಾಳೆ ಒಮ್ಮೆ, ಒಂದು ವಾರ ಬಿಟ್ಟು ಒಮ್ಮೆ, ತಿಂಗಳು ಬಿಟ್ಟು ಇನ್ನೊಮ್ಮೆ ನೋಡದೆ ಬರೆಯಲು ಪ್ರಯತ್ನಿಸು. ಪ್ರತಿ ಸಲವೂ ಹಿಂದಿನ ಸಲಕ್ಕಿಂತ ಕಡಿಮೆ ಹೊತ್ತು ಸಾಕಾಗುತ್ತದೆ.

ಬಸ್ಸಿನ ಮೂರು ಗಂಟೆಯನ್ನು ಕಳೆದುಹೋದ ಹೊತ್ತೆಂದು ಎಣಿಸಬೇಡ. ನಮ್ಮ ಮಲೆನಾಡಿನ ತಿರುವುಗಳಲ್ಲಿ ಪುಸ್ತಕ ಬಿಡಿಸಿದರೆ ತಲೆ ಸುತ್ತುತ್ತದೆ, ಅದಕ್ಕೆ ಪುಸ್ತಕ ಬೇಡ. ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಇದ್ದೇ ಇರುತ್ತವೆ. ಒಳಗಿನ ಖಾಲಿ ರಟ್ಟನ್ನು ಅಂಗೈಯಗಲ ಕತ್ತರಿಸಿ, ಒಂದು ಬದಿಗೆ ಪ್ರಶ್ನೆಯನ್ನೂ ಇನ್ನೊಂದು ಬದಿಗೆ ಉತ್ತರವನ್ನೂ ಬರೆದು ದಾರ ಕಟ್ಟಿಟ್ಟುಕೋ. ಬಸ್ಸು ಹತ್ತಿದ ಮೇಲೆ ಒಂದು ರಟ್ಟಿನ ಪ್ರಶ್ನೆ ನೋಡಿ, ಕಿಟಕಿಯ ಹೊರಗೆ ನೋಡುತ್ತ ಉತ್ತರವನ್ನು ಮನಸ್ಸಿನಲ್ಲೇ ಪೂರ್ತಿ ಹೇಳಿಕೊಂಡು, ಬಳಿಕ ತಿರುಗಿಸು. ತಪ್ಪಿದ್ದನ್ನು ಬೇರೆ ಕಟ್ಟಿಗೆ ಸೇರಿಸು. ಸಂಜೆ ಬರುವಾಗ ಆ ಕಟ್ಟು ಮಾತ್ರ ಕೈಯಲ್ಲಿರಲಿ. ಕಣದಲ್ಲಿ ಕಾಫಿ ಕೆದರುವಾಗಲೂ, ಸಂಜೆ ರಾಶಿ ಮಾಡಿ ಮುಚ್ಚುವಾಗಲೂ ಇದೇ ಕೆಲಸವನ್ನು ರಟ್ಟಿಲ್ಲದೆ ಮಾಡಬಹುದು. ಕೊಯ್ಲಿನ ತಿಂಗಳುಗಳಲ್ಲಿ ಹೊಸ ಪಾಠಕ್ಕೆ ಕೈಹಾಕುವುದು ಕಷ್ಟವಾದ್ದರಿಂದ, ಕಷ್ಟದ ಅಧ್ಯಾಯಗಳನ್ನು ನವೆಂಬರಿನೊಳಗೆ ಒಮ್ಮೆ ಮುಗಿಸಿಕೊಂಡು ಡಿಸೆಂಬರ್, ಜನವರಿಯನ್ನು ನೆನಪಿಸಿಕೊಳ್ಳುವುದಕ್ಕೆ ಬಿಡು.

ಒಂದು ಮಾತು ಪರೀಕ್ಷೆಯ ಬಗ್ಗೆ. 2024ರಿಂದ ನಮ್ಮ ರಾಜ್ಯದಲ್ಲಿ ವಾರ್ಷಿಕ ಪರೀಕ್ಷೆಯನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆಯುವ ಅವಕಾಶವಿದ್ದು, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಇದು ಧೈರ್ಯಕ್ಕಿರಲಿ, ಓದನ್ನು ಮುಂದೂಡುವುದಕ್ಕಲ್ಲ. ಎಂಜಿನಿಯರಿಂಗ್ ಸೀಟಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೂ ಸಿಇಟಿ ಅಂಕಕ್ಕೂ ಅರ್ಧರ್ಧ ತೂಕವಿದೆ. ಸಿಇಟಿಯಲ್ಲಿ ಒಂದು ವಿಷಯಕ್ಕೆ 80 ನಿಮಿಷದಲ್ಲಿ 60 ಪ್ರಶ್ನೆ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಭಾನುವಾರ ಒಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸು.

ಪ್ರಶ್ನೆ: ಅರಸೀಕೆರೆಯ ಹಾಸ್ಟೆಲಿನಲ್ಲಿದ್ದೇನೆ. ಪರೀಕ್ಷೆ ಸಮೀಪಿಸಿದಾಗ ರಾತ್ರಿ ಎರಡರವರೆಗೆ ಓದಿ ಬೆಳಿಗ್ಗೆ ಐದಕ್ಕೆ ಏಳುವುದು ಸರಿಯೇ?

ಉತ್ತರ: ಸರಿಯಲ್ಲ. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ನಿಮ್ಮ ವಯಸ್ಸಿನವರಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹತ್ತು ಗಂಟೆಗೆ ದೀಪ ಆರಿಸಿ, ಫೋನನ್ನು ಹಾಸಿಗೆಯಿಂದ ದೂರವಿಡಿ. ಇಡೀ ಕೊಠಡಿ ಎಚ್ಚರವಿರುವಾಗ ನೀವೊಬ್ಬರೇ ಮಲಗುವುದು ಕಷ್ಟವೆಂದು ಬಲ್ಲೆ. ಜೊತೆಗಾರರಿಗೂ ಈ ಉತ್ತರವನ್ನು ತೋರಿಸಿ.

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನವರು ನಾವು. ಮಗ ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿ. ಎಸ್ಟೇಟಿನ ಪಲ್ಪರ್, ಸ್ಪ್ರೇಯರ್ ಕೆಟ್ಟರೆ ಬಿಚ್ಚಿ ಜೋಡಿಸುತ್ತಾನೆ. ನೆಂಟರೆಲ್ಲ ಪಿಯುಸಿ ಸೈನ್ಸಿಗೇ ಸೇರಿಸಿ ಅನ್ನುತ್ತಾರೆ. ನಾನು ಓದಿದ್ದು ಆರನೇ ಕ್ಲಾಸು, ಅವನ ಓದನ್ನು ನೋಡಿಕೊಳ್ಳುವುದು ಹೇಗೆ?

ಉತ್ತರ: ತಾಯಿ, ನೋಡಿಕೊಳ್ಳುವುದಕ್ಕೆ ನೀವು ಹೆಚ್ಚು ಓದಿರಬೇಕಾಗಿಲ್ಲ. ಸಂಜೆ ನೀವು ಒಲೆಯ ಮುಂದೆ ಇರುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇವತ್ತಿನ ಪಾಠವನ್ನು ಪುಸ್ತಕ ನೋಡದೆ ನಿಮಗೆ ಅರ್ಥವಾಗುವ ಹಾಗೆ ಹೇಳಲು ಹೇಳಿ. ನಿಮಗೆ ತಿಳಿಯದ ಕಡೆ ‘ಯಾಕೆ?’ ಎಂದು ಕೇಳಿ. ‘ಅದು ಹಂಗೇ ಅಮ್ಮ’ ಎಂದು ಎಲ್ಲಿ ಜಾರಿಕೊಳ್ಳುತ್ತಾನೋ ಅಲ್ಲಿ ಅವನಿಗೂ ತಿಳಿದಿಲ್ಲವೆಂದು ಅರ್ಥ. ಅಲ್ಲಿಂದ ಮತ್ತೆ ಓದಲಿ.

ಹತ್ತನೆಯದರ ನಂತರ ಮೂರು ವರ್ಷದ ಡಿಪ್ಲೊಮಾ ಇದೆ. ಅದನ್ನು ಮುಗಿಸಿ, ಡಿಪ್ಲೊಮಾ ಓದಿದವರಿಗಿರುವ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಪಿಯುಸಿ ದಾರಿಯಲ್ಲಿ ಹೋದವರಂತೆ ಅವನೂ ಎಂಜಿನಿಯರ್ ಆಗಬಲ್ಲ, ವ್ಯತ್ಯಾಸವೆಂದರೆ ಹದಿನಾರನೆಯ ವಯಸ್ಸಿನಿಂದಲೇ ಕೈಗೆ ಯಂತ್ರ ಸಿಗುತ್ತದೆ. ಡಿಪ್ಲೊಮಾ ಕಡಿಮೆಯ ಓದು ಎನ್ನುವ ನೆಂಟರಿಗೆ ಹಾಸನದ ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋ ಕೇಂದ್ರವನ್ನು ತೋರಿಸಿ. ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುವ ಆ ಕೇಂದ್ರದಂಥ ಕಡೆಗಳಲ್ಲಿ ಐಟಿಐ, ಡಿಪ್ಲೊಮಾ ಓದಿದವರಿಗೂ ಹುದ್ದೆಗಳಿರುತ್ತವೆ. ಹಾಗೆಂದು ನಾನು ಹೇಳಿದೆನೆಂದೂ ಸೇರಿಸಬೇಡಿ. ಚಿಕ್ಕಮಗಳೂರಿನ ಸರ್ಕಾರಿ ಪಾಲಿಟೆಕ್ನಿಕ್ಕಿಗೆ ಒಂದು ದಿನ ಅವನನ್ನು ಕರೆದುಕೊಂಡು ಹೋಗಿ, ಅನುಮತಿ ಕೇಳಿ ವರ್ಕ್‌ಶಾಪ್ ತೋರಿಸಿ, ಅಲ್ಲಿನ ಹುಡುಗರೊಡನೆ ಮಾತನಾಡಲು ಬಿಡಿ. ಮನೆಗೆ ಬಂದ ಮೇಲೆ ಅವನೇ ಹೇಳಲಿ.

ಯಾವ ದಾರಿ ಹಿಡಿದರೂ ಒಂದು ಕೆಲಸ ಈಗಲೇ ಆಗಬೇಕು. ಮುಂದೆ ಸಿಇಟಿ ಬರೆದರೆ, ಒಂದರಿಂದ ಹತ್ತನೆಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ನಿಯಮಗಳಿಗೆ ಒಳಪಟ್ಟು ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಅದಕ್ಕೆ ಹತ್ತೂ ವರ್ಷಗಳ ವ್ಯಾಸಂಗ ಪ್ರಮಾಣಪತ್ರ ಬೇಕು. ಪ್ರಾಥಮಿಕ ಶಾಲೆ ಒಂದು ಊರಿನಲ್ಲಿ, ಪ್ರೌಢಶಾಲೆ ಇನ್ನೊಂದು ಊರಿನಲ್ಲಿ ಆಗಿದ್ದರೆ ಎರಡೂ ಕಡೆಯ ಮುಖ್ಯೋಪಾಧ್ಯಾಯರಿಂದ ಬರೆಸಿಕೊಳ್ಳಬೇಕು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಿರುತ್ತದೆ, ಆದ್ದರಿಂದ ಪರೀಕ್ಷೆ ಮುಗಿದ ವಾರವೇ ಹೋಗಿ ಬರೆಸಿಕೊಳ್ಳಿ. ದಾಖಲಾತಿಯಲ್ಲಿ ಮಗನ ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಆಧಾರ್ ಕಾರ್ಡಿನಲ್ಲಿರುವಂತೆಯೇ ಇವೆಯೇ ಎಂದು ಅಕ್ಷರ ಅಕ್ಷರವಾಗಿ ಅವನ ಕೈಯಲ್ಲೇ ಓದಿಸಿ ನೋಡಿ.