ಅಪ್ಪ ಬಿಪಿ ಮಾತ್ರೆ ಬಿಟ್ಟಿದ್ದಾರೆ, ಏನು ಮಾಡಲಿ?

(ಉತ್ತರಿಸುವವರು: ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿ ನಿವೃತ್ತರಾದ ಆರೋಗ್ಯ ಸಹಾಯಕಿ)

ಪ್ರಶ್ನೆ: ನ್ಯಾಯಬೆಲೆ ಅಂಗಡಿಯ ಅಕ್ಕಿ ತೊಳೆಯುವಾಗ ಕೆಲವು ಕಾಳು ತೇಲುತ್ತವೆ, ಬಣ್ಣವೂ ಬೇರೆ. ಪ್ಲಾಸ್ಟಿಕ್ ಅಕ್ಕಿ ಎಂದು ನಮ್ಮ ಬೀದಿಯವರೆಲ್ಲ ಆರಿಸಿ ಎಸೆಯುತ್ತಿದ್ದಾರೆ. ನಿಜವೇ? (ಗೃಹಿಣಿ, ಆಲೂರು)

ಉತ್ತರ: ಎಸೆಯಬೇಡಿ. ಅವು ಸಾರವರ್ಧಿತ ಅಕ್ಕಿಯ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ, ಶಾವಿಗೆ ಒತ್ತಿದ ಹಾಗೆ ಯಂತ್ರದಲ್ಲಿ ಒತ್ತಿ, ಅಕ್ಕಿಯಷ್ಟುದ್ದಕ್ಕೆ ಕತ್ತರಿಸಿ ಒಣಗಿಸುತ್ತಾರೆ. ನೂರು ಕೆಜಿ ಅಕ್ಕಿಗೆ ಇಂಥದ್ದು ಒಂದು ಕೆಜಿ ಬೆರೆಸಿರುತ್ತಾರೆ. ರಕ್ತಹೀನತೆ ಕಡಿಮೆಯಾಗಲಿ ಎಂದು ಮಾಡಿದ್ದು.

ನನ್ನ ಮಾತನ್ನೂ ಹಾಗೇ ನಂಬಬೇಡಿ. ಹತ್ತು ಕಾಳು ಆರಿಸಿ, ಹಳೆಯ ಸೌಟಿನಲ್ಲಿ ಹಾಕಿ ಒಲೆಯ ಮೇಲೆ ಹಿಡಿಯಿರಿ. ಪ್ಲಾಸ್ಟಿಕ್ ಆಗಿದ್ದರೆ ಕರಗಿ ಸೌಟಿಗೆ ಅಂಟಿಕೊಂಡು ಘಾಟು ಬರುತ್ತದೆ. ಅಕ್ಕಿಯಾದರೆ ಕೆಂಪಗಾಗಿ, ಆಮೇಲೆ ಕಪ್ಪಗಾಗಿ, ಹುರಿದ ಹಿಟ್ಟಿನ ವಾಸನೆ ಬರುತ್ತದೆ. ಬೀದಿಯವರನ್ನೂ ಕರೆದು ತೋರಿಸಿ. ನಿಮಗೆ ಅನುಮಾನ ಬಂದದ್ದರಲ್ಲಿ ತಪ್ಪೇನೂ ಇಲ್ಲ. ದಿನಾ ತಿನ್ನುವ ಅಕ್ಕಿಯ ರೂಪವೇ ಬದಲಾದಾಗ ಅಂಗಡಿಯ ಗೋಡೆಗೆ ಒಂದು ಚೀಟಿ ಅಂಟಿಸಿ ತಿಳಿಸಬೇಕಿತ್ತು. ತಿಳಿಸದೆ ಹೋದರೆ ಪಕ್ಕದ ಮನೆಯವರು ಹೇಳಿದ್ದೇ ಊರಿಗೆಲ್ಲ ಸುದ್ದಿಯಾಗುತ್ತದೆ.

ಪ್ರಶ್ನೆ: ನನ್ನ ತಮ್ಮನಿಗೆ 38 ವರ್ಷ. 2025ರ ಜೂನ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡ. ಹಿಂದಿನ ರಾತ್ರಿ ಎದೆ ಉರಿ ಅಂದಿದ್ದ. ಗ್ಯಾಸ್ ಇರಬೇಕು ಎಂದು ಅಪ್ಪನೇ ಸೋಡಾ ತಂದುಕೊಟ್ಟಿದ್ದರು. ಅವನು 2021ರಲ್ಲಿ ಎರಡು ಡೋಸ್ ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದ. ಅದೇ ಕೊಂದದ್ದು, ಸರ್ಕಾರ, ಕಂಪನಿ, ಡಾಕ್ಟರು ಎಲ್ಲ ಸೇರಿ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರೆ ಅಪ್ಪ. ತಜ್ಞರ ವರದಿ ತೋರಿಸಿದರೆ ‘ಬರೆದವರೂ ಅವರೇ ತಾನೆ’ ಅಂತಾರೆ. ಮೂರು ತಿಂಗಳಿಂದ ತಮ್ಮ ಬಿಪಿ ಮಾತ್ರೆಯನ್ನೂ ಬಿಟ್ಟಿದ್ದಾರೆ. ಊಟಕ್ಕೆ ಕೂತರೆ ಜಗಳ. (ಹೆಸರು ಬೇಡ, ಹಾಸನ)

ಉತ್ತರ: ತಂಗಿ, ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ನಾನು ಹೇಳಬೇಕಾದದ್ದೆಲ್ಲ ನೀವು ಬರೆದ ಒಂದು ಸಾಲಿನಲ್ಲೇ ಇದೆ. ಅಲ್ಲಿಗೆ ಬರುತ್ತೇನೆ. ಮೊದಲು ಲಸಿಕೆಯ ವಿಷಯ ಹೇಳಿಬಿಡುತ್ತೇನೆ.

ಲಸಿಕೆಯಿಂದ ಯಾರಿಗೂ ಏನೂ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ಕೋವಿಶೀಲ್ಡ್‌ನಿಂದ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ಆಗಬಹುದು ಎಂಬುದು ನಿಜ. ಅದನ್ನು ವೈದ್ಯರೇ ಗುರುತಿಸಿ ಬರೆದಿದ್ದಾರೆ. ಆದರೆ ಅದು ಕಾಣಿಸಿಕೊಳ್ಳುವುದು ಲಸಿಕೆ ಹಾಕಿಸಿಕೊಂಡ ಮೊದಲ ಕೆಲವು ವಾರಗಳಲ್ಲಿ, ನಾಲ್ಕು ವರ್ಷ ಬಿಟ್ಟು ಅಲ್ಲ. ನೋಡಲು ಆರೋಗ್ಯವಾಗಿದ್ದು ಹಠಾತ್ತನೆ ತೀರಿಕೊಂಡ 18ರಿಂದ 45 ವರ್ಷದವರ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿತು. ಲಸಿಕೆಯಿಂದ ಅಪಾಯ ಹೆಚ್ಚಾದದ್ದು ಅದರಲ್ಲಿ ಕಂಡುಬರಲಿಲ್ಲ. ಹೆಚ್ಚಿಸಿದ್ದು ಬೇರೆ: ಕೋವಿಡ್ ಬಂದು ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು, ಸಾಯುವ ಮುಂಚಿನ ಎರಡು ದಿನದಲ್ಲಿ ವಿಪರೀತ ಕುಡಿತ, ಮೈ ಮೀರಿ ದಣಿದದ್ದು.

ಆ ಜೂನ್ ತಿಂಗಳು ನನಗೂ ನೆನಪಿದೆ. ದಿನಾ ಬೆಳಿಗ್ಗೆ ಪೇಪರಿನಲ್ಲಿ ‘ಹಾಸನದಲ್ಲಿ ಮತ್ತೊಂದು ಸಾವು’. ಜನ ಹೆದರಿ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಸಾಲು ನಿಂತರು. ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್‌ನಲ್ಲೂ ಹೀಗೇ ಆಗಿತ್ತು. ಈ ಸಲ ನಾನು ಒಂದು ಲೆಕ್ಕ ಮಾಡಿ ನೋಡಿದೆ. 2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯ ಜನ 17.76 ಲಕ್ಷ. ಸಾವಿರ ಜನಕ್ಕೆ ವರ್ಷಕ್ಕೆ ಸುಮಾರು ಆರು ಸಾವು ಎಂದರೂ ದಿನಕ್ಕೆ ಹತ್ತಿರಹತ್ತಿರ 29 ಆಯಿತು. ನಲವತ್ತು ದಿನಕ್ಕೆ ಸಾವಿರದ ಮೇಲೆ. ಅದರಲ್ಲಿ ಕಾಲು ಭಾಗ ಹೃದಯದ ಕಾಯಿಲೆ ಎಂದುಕೊಂಡರೂ ಇನ್ನೂರೈವತ್ತು ದಾಟುತ್ತದೆ. ಸುಮಾರು ಅಷ್ಟೇ ದಿನಗಳಲ್ಲಿ ಪೇಪರಿನಲ್ಲಿ ಬಂದದ್ದು ಇಪ್ಪತ್ತು ಚಿಲ್ಲರೆ. ಹಿಂದಿನ ಜೂನ್‌ನಲ್ಲಿ ಎಷ್ಟು ಮನೆಯಲ್ಲಿ ಹೀಗಾಯಿತು ಎಂದು ಪೇಪರಿನವರು ಎಣಿಸಿರಲಿಲ್ಲ, ನಾವೂ ಎಣಿಸಿರಲಿಲ್ಲ. ಸರ್ಕಾರ ತಜ್ಞರಿಂದ 24 ಸಾವುಗಳನ್ನು ಪರಿಶೀಲಿಸಿದಾಗ 20 ಹೃದಯಕ್ಕೆ ಸಂಬಂಧಿಸಿದವು, ನಾಲ್ಕಕ್ಕೆ ಬೇರೆಯೇ ಕಾರಣ ಎಂದು ಬಂತು. ಚಿಕ್ಕ ವಯಸ್ಸಿನವರು ಹೀಗೆ ಹೋಗುತ್ತಿರುವುದು ನಿಜವಾಗಿಯೂ ಚಿಂತೆಯ ವಿಷಯವೇ. ಸಿಗರೇಟು, ಸಕ್ಕರೆ ಕಾಯಿಲೆ, ಬಿಪಿ, ನಿದ್ದೆಗೇಡು ಇವುಗಳ ಬಗ್ಗೆ ನಾವು ಗಟ್ಟಿಯಾಗಿ ಮಾತಾಡಬೇಕಿತ್ತು. ಮಾತೆಲ್ಲ ಲಸಿಕೆಯ ಕಡೆ ಹೊರಳಿತು.

ಆದರೆ ಇದಿಷ್ಟನ್ನೂ ನೀವು ಅಪ್ಪನಿಗೆ ಓದಿ ಹೇಳಿದರೆ ಅವರು ‘ಈ ನರ್ಸಮ್ಮನೂ ಅವರ ಕಡೆಯವಳೇ’ ಅಂತಾರೆ. ಪ್ರತಿ ಉತ್ತರವೂ ಪಿತೂರಿಗೆ ಇನ್ನೊಂದು ಸಾಕ್ಷಿಯಾದರೆ ಸೌಟು ಒಲೆಗೆ ಹಿಡಿದು ಪ್ರಯೋಜನವಿಲ್ಲ. ಅಪ್ಪ ಅದನ್ನು ಬಿಡಲಾರದೆ ಹಿಡಿದುಕೊಂಡಿರುವುದು ಏಕೆ ಎಂದು ನೋಡಬೇಕು.

1995ರ ಡಿಸೆಂಬರ್. ದೇಶದಾದ್ಯಂತ ನಡೆದ ಮೊದಲ ಪಲ್ಸ್ ಪೋಲಿಯೊ. ಒಂದು ಊರಿನಲ್ಲಿ ಒಬ್ಬ ಅಜ್ಜಿ ಮೊಮ್ಮಗನನ್ನು ಒಳಗೆ ರಾಗಿ ಮೂಟೆಗಳ ಹಿಂದೆ ಕೂರಿಸಿ ಬಾಗಿಲಿಗೆ ಅಡ್ಡ ಕೂತಿದ್ದರು. ಈ ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುದ್ದಿ ಹರಡಿತ್ತು. ನನಗೆ ಮೊದಲು ಸಿಟ್ಟು ಬಂತು. ಕಾಲು ಸೋತಿತ್ತು, ಅಲ್ಲೇ ಜಗಲಿಯ ಮೇಲೆ ಕೂತೆ. ಅಜ್ಜಿಯ ಮುಂದೆ ಅವರೆಕಾಯಿ ರಾಶಿ ಇತ್ತು. ಸುಮ್ಮನಿರಲಾರದೆ ನಾನೂ ಸುಲಿಯತೊಡಗಿದೆ. ಬೆರಳಿಗೆಲ್ಲ ಸೊಗಡು ಹತ್ತಿತು. ಅರ್ಧ ಮೊರ ತುಂಬುವ ಹೊತ್ತಿಗೆ ಅಜ್ಜಿ ತಾನಾಗಿ ಹೇಳಿದರು: “ಆ ವರ್ಸ ನಿಮ್ಮಂಗೇ ಜೀಪಲ್ಲಿ ಬಂದ್ರು ಕಣವ್ವ. ನಮ್ಮನೆಯೋರ್ನ ಹತ್ತಿಸ್ಕೊಂಡು ಹೋದ್ರು. ಏನ್ ಮಾಡ್ತೀವಿ ಅಂತ ಒಂದ್ ಮಾತೂ ಹೇಳ್ನಿಲ್ಲ.” ತುರ್ತು ಪರಿಸ್ಥಿತಿಯ ಕಾಲದ ಸಂತಾನಹರಣ ಶಸ್ತ್ರಚಿಕಿತ್ಸೆ. ಹನಿಯ ಸುದ್ದಿ ಸುಳ್ಳು. ಅಜ್ಜಿಯ ಭಯ ಸುಳ್ಳಲ್ಲ. “ತಪ್ಪಾಯ್ತು ಅಜ್ಜಿ, ಹಂಗೆ ಮಾಡಬಾರದಿತ್ತು” ಎಂದೆ. ನಮ್ಮ ಇಲಾಖೆಯವರು ಯಾರೂ ಅವರಿಗೆ ಆ ಮಾತು ಹೇಳಿರಲಿಲ್ಲ. ಆವತ್ತು ಹನಿ ಹಾಕಿಸಲಿಲ್ಲ. ಜನವರಿಯ ಎರಡನೇ ಸುತ್ತಿಗೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ತಾವೇ ಬಂದರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಸಿಕ್ಕಿದ್ದು. 2014ರಲ್ಲಿ ಪೋಲಿಯೊ ಮುಕ್ತ ಎಂದು ಘೋಷಣೆಯಾದ ದಿನ ಆ ಅಜ್ಜಿಯನ್ನು ನೆನೆದುಕೊಂಡೆ.

ಈಗ ನೀವು ಬರೆದ ಸಾಲು. “ಗ್ಯಾಸ್ ಇರಬೇಕು ಎಂದು ಅಪ್ಪನೇ ಸೋಡಾ ತಂದುಕೊಟ್ಟಿದ್ದರು.”

ಲಸಿಕೆ ಕೊಂದಿದ್ದರೆ ಆ ಸೋಡಾ ಕೊಂದಿಲ್ಲ. ಲಸಿಕೆ ಅಲ್ಲ ಎಂದು ನೀವು ಸಾಬೀತು ಮಾಡಿದ ಪ್ರತಿ ಸಲವೂ ಆ ಬಾಟಲಿ ಅವರ ಕೈಗೇ ವಾಪಸು ಬರುತ್ತದೆ. ನೀವು ಹಾಗೆ ಅಂದಿಲ್ಲ, ಗೊತ್ತು. ಅವರಿಗೆ ಕೇಳಿಸುವುದು ಮಾತ್ರ ಹಾಗೆಯೇ. ಅದಕ್ಕೇ ವರದಿಗಳನ್ನು ಒಳಗಿಡಿ. ಊಟದ ಹೊತ್ತಿನಲ್ಲಿ ಬೇಡ, ಇಬ್ಬರೇ ಇರುವಾಗ ಹೇಳಿ: “ಅಪ್ಪ, ಆವತ್ತು ನಾನು ಮನೆಯಲ್ಲಿದ್ದಿದ್ದರೂ ಸೋಡಾನೇ ಕೊಡ್ತಿದ್ದೆ.” ಇದು ಸಮಾಧಾನಕ್ಕೆ ಹೇಳುವ ಸುಳ್ಳಲ್ಲ. ಹೃದಯದ ನೋವು ಎಷ್ಟೋ ಸಲ ಗ್ಯಾಸಿನ ಹಾಗೇ ಉರಿಯುತ್ತದೆ. ಮೂವತ್ತೆರಡು ವರ್ಷದ ಅನುಭವದ ನನಗೂ ಮುಖ ನೋಡಿ ಗುರುತಿಸಲಾಗುವುದಿಲ್ಲ, ಇಸಿಜಿ ಬೇಕು. (ಎಲ್ಲ ಓದುಗರಿಗೂ ಹೇಳುತ್ತೇನೆ: ಎದೆ ಉರಿ ಜೊತೆಗೆ ಬೆವರು, ಎಡಗೈ ಅಥವಾ ದವಡೆ ನೋವು ಇದ್ದರೆ ರಾತ್ರಿಯೇ ಹೊರಡಿ. ರಾಜ್ಯ ಸರ್ಕಾರದ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಬೇಕಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.) ಅಪ್ಪ ಅತ್ತರೆ ಅಳಲಿ. ಬೈದರೂ ಎದುರಾಡಬೇಡಿ.

ಲಸಿಕೆಯ ಬಗ್ಗೆ ಅವರು ಮನಸ್ಸು ಬದಲಾಯಿಸಲೇಬೇಕು ಎಂದೇನಿಲ್ಲ. ಮಾತ್ರೆ ಮಾತ್ರ ನಿಲ್ಲಬಾರದು. ಮನೆಗೆ ಒಂದು ಡಿಜಿಟಲ್ ಬಿಪಿ ಯಂತ್ರ ತನ್ನಿ. ಪಟ್ಟಿ ಅವರೇ ಕಟ್ಟಿಕೊಳ್ಳಲಿ, ಗುಂಡಿ ಅವರೇ ಒತ್ತಲಿ, ಬಂದ ಅಂಕಿಯನ್ನು ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಅವರ ಕೈಯಾರೆ ಬರೆಯಲಿ. ಆ ಅಂಕಿಯನ್ನು ಸರ್ಕಾರವೂ ಬರೆದದ್ದಲ್ಲ, ಕಂಪನಿಯೂ ಬರೆದದ್ದಲ್ಲ. ತಮ್ಮ ಹೀಗೆ ಹೋದ ಮೇಲೆ ನೀವೂ ಒಮ್ಮೆ ಬಿಪಿ, ಶುಗರ್, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಅಪ್ಪನನ್ನೇ ಜೊತೆಗೆ ಬರಹೇಳಿ. ಮಗಳಿಗಾಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿಯಾರು.

ಒಂದು ವಾರದ ಅಂಕಿಗಳನ್ನು ನನಗೆ ಬರೆದು ಕಳಿಸಿ. ಮೇಲಿನ ಅಂಕಿ 180 ದಾಟಿದ್ದರೆ ನನ್ನ ಉತ್ತರಕ್ಕೆ ಕಾಯದೆ ಆವತ್ತೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ.