ಕೋವಿ, ಠಾಣೆ ಮತ್ತು ಒಂದು ಸಹಿ

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿ ನಮ್ಮದು, ಅಡಿಕೆ ತೋಟ ಇದೆ. ಬೆಳೆ ರಕ್ಷಣೆಗೆ ಅಂತ ಅಪ್ಪನ ಹೆಸರಲ್ಲಿ ಒಂಟಿ ನಳಿಗೆ ಕೋವಿಯ ಲೈಸೆನ್ಸ್ ಇದೆ. ಅಪ್ಪನಿಗೆ ಈಗ 72. ಪಕ್ಕದ ಬೆಟ್ಟದಲ್ಲಿ ಗುಂಡೇಟು ಬಿದ್ದ ಕಾಡುಹಂದಿ ಸಿಕ್ಕಿದೆಯಂತೆ. ಪೊಲೀಸರು ಮನೆಗೆ ಬಂದು ಲೈಸೆನ್ಸ್ ನೋಡಿದರು, ಆ ರಾತ್ರಿ ಎಲ್ಲಿದ್ರಿ ಅಂತೆಲ್ಲ ಕೇಳಿದರು. ‘ನಾಳೆ ಯಾರಾದ್ರೂ ಕೋವಿ ತಗೊಂಡು ಠಾಣೆಗೆ ಬನ್ನಿ, ಒಂದು ಸಹಿ ಹಾಕಿ ಹೋಗಿ’ ಅಂದಿದ್ದಾರೆ. ನಾನು ಹೋಗಿ ಬರಲಾ?
(ಹೆಸರು ಬೇಡ)

ಉತ್ತರ: ನೀವು ಕೋವಿ ಹಿಡಿದು ಹೋಗಲೇಬೇಡಿ. ಲೈಸೆನ್ಸ್ ಅಪ್ಪನದು, ನಿಮ್ಮ ಕೈಗೆ ಬಂದರೆ ಅದು ಲೈಸೆನ್ಸ್ ಇಲ್ಲದ ಕೋವಿ. ಅಪ್ಪ ಜೊತೆಗಿದ್ದರೆ, ಇಲ್ಲವೇ ಬರೆದು ಕೊಟ್ಟರೆ, ರಿಪೇರಿಗೋ ನವೀಕರಣಕ್ಕೋ ಅಪ್ಪನದೇ ಬಳಕೆಗೋ ಒಯ್ಯಬಹುದು, ಅಷ್ಟೇ. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಕನಿಷ್ಠ 2 ವರ್ಷ, 5 ವರ್ಷದವರೆಗೂ ಜೈಲು. ಪೊಲೀಸರೇ ತರಲು ಹೇಳಿದ್ದು ಅಂತ ಆಮೇಲೆ ಸಾಬೀತು ಮಾಡುವವರು ಯಾರು?

ಲೈಸೆನ್ಸ್ ತೋರಿಸಿದ್ದು ಸರಿ. ಕೋವಿ ಹಿಡಿದು ಓಡಾಡುವವರ ಹತ್ತಿರ ಯಾವ ಪೊಲೀಸ್ ಅಧಿಕಾರಿಯೂ ಲೈಸೆನ್ಸ್ ಕೇಳಬಹುದು (1959ರ ಶಸ್ತ್ರಾಸ್ತ್ರ ಕಾಯ್ದೆ, ಕಲಂ 19). ತೋರಿಸದಿದ್ದರೆ ಕೋವಿ ವಶಕ್ಕೆ ಪಡೆಯಬಹುದು, ಹೆಸರು ವಿಳಾಸ ಹೇಳದಿದ್ದರೆ ವಾರಂಟ್ ಇಲ್ಲದೇ ಬಂಧಿಸಬಹುದು. ಇಲ್ಲಿ ವಾದ ಮಾಡಿ ಗೆಲ್ಲೋಕಾಗಲ್ಲ.

ಆದರೆ ಆ ರಾತ್ರಿಯ ಕಥೆ ಬೇರೆ. ತನಿಖೆಯಲ್ಲಿ ಕೇಳಿದ್ದಕ್ಕೆ ನಿಜ ಹೇಳಬೇಕು, ಸುಳ್ಳು ಹೇಳುವ ಹಾಗಿಲ್ಲ. ನಿಮ್ಮನ್ನೇ ಅಪರಾಧಕ್ಕೆ ಸಿಕ್ಕಿಸುವ ಪ್ರಶ್ನೆಗೆ ಮಾತ್ರ ಉತ್ತರ ಕೊಡಬೇಕಿಲ್ಲ, ಸಂವಿಧಾನದ 20(3)ನೇ ವಿಧಿಯೇ ಹಾಗೆ ಹೇಳುತ್ತದೆ. ಒಡಿಶಾದ ಮಾಜಿ ಮುಖ್ಯಮಂತ್ರಿ ನಂದಿನಿ ಸತ್ಪತಿ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ವಿವರವಾಗಿ ಬಿಡಿಸಿ ಹೇಳಿದೆ. ಇನ್ನು ಅಪ್ಪನಿಗೆ 60 ದಾಟಿದೆ. ಸಾಕ್ಷಿಯಾಗಿ ಹೇಳಿಕೆ ಬೇಕಿದ್ದರೆ ಅವರನ್ನು ಠಾಣೆಗೆ ಕರೆಸುವ ಹಾಗಿಲ್ಲ, ಪೊಲೀಸರೇ ಮನೆಗೆ ಬರಬೇಕು. ‘ಲಿಖಿತ ನೋಟಿಸ್ ಕೊಡಿ ಸಾರ್’ ಅಂತ ಮೆತ್ತಗೆ ಕೇಳಿ. ಹಾಗೆ ಕೇಳೋದು ತಪ್ಪಲ್ಲ.

ಸಹಿಯ ವಿಷಯ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಬಾರದು, ಅದು ಕಾನೂನಲ್ಲೇ ಇದೆ. ಖಾಲಿ ಹಾಳೆಯಂತೂ ಮುಟ್ಟಲೇಬೇಡಿ. ಕೋವಿ ವಶಕ್ಕೆ ತಗೊಂಡರೆ ಪಂಚನಾಮೆ ಆಗಬೇಕು. ಅದರಲ್ಲಿ ಕೋವಿಯ ನಂಬರ್, ಮದ್ದು, ಚರೆ, ಕೇಪು ಎಷ್ಟಿತ್ತು ಅಂತ ಬರೆದಿರಬೇಕು, ಪ್ರತಿ ನಿಮ್ಮ ಕೈಲಿರಬೇಕು.

ಇಷ್ಟೆಲ್ಲ ಪೊಲೀಸರ ವಿಷಯ. ಹಂದಿ ಕೇಸು ಅರಣ್ಯ ಇಲಾಖೆಗೆ ಹೋದರೆ ಇನ್ನೂ ಹುಷಾರಾಗಿರಿ, ಇದನ್ನು ಜನ ಮರೆಯುತ್ತಾರೆ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ಕೋರ್ಟಿನಲ್ಲಿ ನಿಲ್ಲಲ್ಲ. ಆದರೆ ವನ್ಯಜೀವಿ ಕಾಯ್ದೆಯ ಕಲಂ 50ರಲ್ಲಿ, ಸಹಾಯಕ ಅರಣ್ಯ ಸಂರಕ್ಷಣಾಧಿಕಾರಿ ಅಥವಾ ಅವರಿಗಿಂತ ಮೇಲಿನವರು ಆರೋಪಿಯ ಎದುರಲ್ಲಿ ದಾಖಲಿಸಿದ ಸಾಕ್ಷ್ಯವನ್ನು ಕೋರ್ಟು ವಿಚಾರಣೆಯಲ್ಲಿ ಪರಿಗಣಿಸಬಹುದು. ಅಲ್ಲಿಗೆ ಹೋಗುವ ಮೊದಲು ವಕೀಲರನ್ನು ನೋಡಿ. ಬೆಳೆ ರಕ್ಷಣೆಯ ಲೈಸೆನ್ಸ್ ಅಂದ್ರೆ ಹಂದಿ ಹೊಡೆಯುವ ಅನುಮತಿ ಅಲ್ಲ ಅನ್ನೋದೂ ನೆನಪಿರಲಿ. ಅಭಯಾರಣ್ಯದಿಂದ 10 ಕಿ.ಮೀ. ಒಳಗಿದ್ದರೆ (ದಾಂಡೇಲಿ, ಅಣಶಿ ಕಡೆಯವರು ಗಮನಿಸಿ) ಲೈಸೆನ್ಸ್‌ದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳ್ತೇನೆ. ಲೈಸೆನ್ಸ್‌ದಾರರಿಗೆ 70 ತುಂಬಿದರೆ ವಾರಸುದಾರರ ಹೆಸರಿಗೆ ಲೈಸೆನ್ಸ್ ಕೊಡಲು 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಅವಕಾಶ ಇದೆ. ಈ ಗಲಾಟೆ ಮುಗಿದ ಕೂಡಲೇ ಕಾರವಾರದ ಡಿಸಿ ಕಚೇರಿಗೆ ಅರ್ಜಿ ಹಾಕಿ.

ಪ್ರಶ್ನೆ: ಚುನಾವಣೆ ಬಂದಾಗೆಲ್ಲ ಕೋವಿ ಠಾಣೆಯಲ್ಲಿಡಿ ಅಂತಾರೆ. ಅಷ್ಟರಲ್ಲಿ ಮಂಗಗಳು ಎಳೆ ಕಾಯಿ ಪೂರ್ತಿ ಉದುರಿಸಿರುತ್ತವೆ. ವಿನಾಯಿತಿ ಇಲ್ವಾ?
(ಓದುಗರು, ಸಿದ್ದಾಪುರ)

ಉತ್ತರ: ಕೇಳಬಹುದು. ಯಾರ ಕೋವಿ ಜಮೆ ಮಾಡಿಸಬೇಕು ಅಂತ ಪರಿಶೀಲನಾ ಸಮಿತಿ ನೋಡಬೇಕು ಅನ್ನೋದು ಚುನಾವಣಾ ಆಯೋಗದ್ದೇ ಸೂಚನೆ. ಜಾಮೀನಿನ ಮೇಲಿರುವವರು, ಗಲಭೆ ಕೇಸಿನವರು ಮೊದಲು ಬರುತ್ತಾರೆ. ಎಲ್ಲರದ್ದೂ ಸುಮ್ನೆ ಒಟ್ಟಿಗೆ ತರಿಸೋದು ಸುಲಭ ಅಂತ ಹಾಗೆ ಮಾಡ್ತಾರೆ, ನನಗಂತೂ ಅದು ಸರಿ ಕಾಣಲ್ಲ. ಪಹಣಿ ಪ್ರತಿ, ಬೆಳೆ ಹಾನಿಯ ಫೋಟೊ ಇಟ್ಟು ಡಿಸಿಗೆ ಮೊದಲೇ ಅರ್ಜಿ ಕೊಡಿ. ಒಪ್ಪದಿದ್ದರೆ ಕೋವಿ ಜಮೆ ಮಾಡಿ, ರಸೀದಿ ಕೈಗೆ ಬರದೆ ಠಾಣೆಯಿಂದ ಹೊರಡಬೇಡಿ.