ಮ್ಯಾನೇಜ್‌ಮೆಂಟ್ ಪರ ವಾದಿಸುವ ಲೇಬರ್ ಲಾಯರ್ ಆದರೆ ಕಾರ್ಮಿಕರಿಗೆ ದ್ರೋಹ ಮಾಡಿದಂತೆಯೇ?

ಅಪ್ಪ ಕಾರ್ಖಾನೆಯಲ್ಲಿ ದುಡಿದು ಓದಿಸಿದ್ದಾರೆ, ಈಗ ಮಾಲೀಕರ ಪರ ಕೇಸು ನಡೆಸುವ ಆಫೀಸಿನಿಂದ ಕರೆ ಬಂದಿದೆ, ಹೋಗಲೋ ಬೇಡವೋ ಎಂದು ಕೇಳಿದ್ದೀರಿ. ನಾನೂ ಮಿಲ್ ಕಾರ್ಮಿಕನ ಮಗನೇ. ಹೋದೆ, ಈಗಲೂ ಅದೇ ಕೆಲಸ ಮಾಡುತ್ತಿದ್ದೇನೆ. ನೀವು ಹೆದರುತ್ತಿರುವ ವಿಷಯ ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಒಂದು ಪ್ಯಾರಾ.

ಪೀಣ್ಯದಲ್ಲಿ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆ. ಪ್ರೆಸ್ ಶಾಪಿನ ಆಪರೇಟರೊಬ್ಬ ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಸೂಪರ್‌ವೈಸರ್ ಮೇಲೆ ಕೈ ಮಾಡಿದ. ಹುಬ್ಬಿನ ಮೇಲೆ ಹೊಲಿಗೆ ಬಿತ್ತು. ಆಸ್ಪತ್ರೆಯ ಚೀಟಿ ಇತ್ತು, ಕಣ್ಣಾರೆ ಕಂಡವರಿದ್ದರು. ಚಾರ್ಜ್‌ಶೀಟ್, ಡೊಮೆಸ್ಟಿಕ್ ಎನ್‌ಕ್ವೈರಿ (ಕಂಪನಿಯೊಳಗೇ ನಡೆಯುವ ವಿಚಾರಣೆ), ಕೊನೆಗೆ ಡಿಸ್‌ಮಿಸಲ್. ಕೈಗಾರಿಕಾ ವಿವಾದ ಕಾಯ್ದೆಗೆ ಕರ್ನಾಟಕ ಸೇರಿಸಿದ್ದ 10(4ಎ) ಕಲಮಿನಡಿ ವಜಾ ಆದವನು ಸರ್ಕಾರ ವಿವಾದವನ್ನು ಕೋರ್ಟಿಗೆ ಒಪ್ಪಿಸುವ ರೆಫರೆನ್ಸಿಗೆ ಕಾಯದೆ ಆರು ತಿಂಗಳೊಳಗೆ ನೇರ ಲೇಬರ್ ಕೋರ್ಟಿಗೆ ಬರಬಹುದಿತ್ತು. ಅವನು ಬಂದ. ಕಂಪನಿಯ ಪರವಾಗಿ ಕೌಂಟರ್, ಅಂದರೆ ಲಿಖಿತ ಉತ್ತರ, ಬರೆಯುವ ಕೆಲಸ ನನಗೆ ಬಿತ್ತು.

ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಬೇಸರವಾದರೂ ಓದಿ. ಇಂಥ ಕೇಸಿನಲ್ಲಿ ಲೇಬರ್ ಕೋರ್ಟ್ ಮೊದಲು ನೋಡುವುದು ಅವನು ಹೊಡೆದನೋ ಇಲ್ಲವೋ ಅಂತಲ್ಲ, ಎನ್‌ಕ್ವೈರಿ ನ್ಯಾಯವಾಗಿ ನಡೆಯಿತೋ ಇಲ್ಲವೋ ಅಂತ. ಅದೇ ಪ್ರಿಲಿಮಿನರಿ ಇಶ್ಯೂ. ಅದರಲ್ಲಿ ಸೋತರೂ ಮ್ಯಾನೇಜ್‌ಮೆಂಟಿಗೆ ಇನ್ನೊಂದು ದಾರಿ ಉಂಟು: ಸಾಕ್ಷಿಗಳನ್ನು ಕೋರ್ಟಿಗೇ ಕರೆತಂದು ಆರೋಪವನ್ನು ಹೊಸದಾಗಿ ಸಾಬೀತು ಮಾಡಬಹುದು. ಆದರೆ ಆ ಅವಕಾಶ ಬೇಕು ಅಂತ ಕೌಂಟರಿನಲ್ಲೇ ಬರೆದಿಟ್ಟಿರಬೇಕು. 2001ರಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಖಚಿತಪಡಿಸಿದ್ದು ನಮ್ಮ ಕೆಎಸ್‌ಆರ್‌ಟಿಸಿ ಕೇಸಿನಲ್ಲೇ, ಲಕ್ಷ್ಮೀದೇವಮ್ಮ ಪ್ರಕರಣದಲ್ಲಿ. ಕೋರ್ಟ್ ತಾನಾಗಿ ಸಾಕ್ಷ್ಯ ಕೇಳಬಹುದು, ಅದು ಅದರ ವಿವೇಚನೆ. ನಮ್ಮ ಹಕ್ಕು ಅಂತ ಕೇಳಬೇಕಾದರೆ ಆ ಪ್ಯಾರಾ ಇರಲೇಬೇಕು.

ನನ್ನ ಕೌಂಟರಿನಲ್ಲಿ ಅದು ಇರಲಿಲ್ಲ. ಮರೆತೆ ಅಂದುಕೊಂಡಿರಾ? ಮರೆತಿರಲಿಲ್ಲ. ಕರಡಿನಲ್ಲಿ ಅದು ಕೊನೆಯ ಪುಟದಲ್ಲಿ, ಪ್ರೇಯರ್‌ಗೆ (ಕೋರಿಕೆಯ ಭಾಗಕ್ಕೆ) ಮುಂಚೆ, ಇತ್ತು: ‘ಒಂದು ವೇಳೆ ವಿಚಾರಣೆ ಸರಿಯಿಲ್ಲವೆಂದು ಮಾನ್ಯ ನ್ಯಾಯಾಲಯಕ್ಕೆ ಕಂಡುಬಂದಲ್ಲಿ...’ ಕಂಪನಿಯ ಎಚ್‌ಆರ್ ಮ್ಯಾನೇಜರ್ ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ‘ಏನ್ ಸಾರ್, ನಮ್ಮ ಎನ್‌ಕ್ವೈರಿ ಮೇಲೆ ನಿಮಗೇ ನಂಬಿಕೆ ಇಲ್ವಾ? ಎದುರಿನವರಿಗೆ ನಾವೇ ದಾರಿ ತೋರಿಸಿದ ಹಾಗಾಗಲ್ವಾ?’ ಅಂದರು. ವಯಸ್ಸಿನಲ್ಲಿ ದೊಡ್ಡವರು, ಕೇಸು ಕೊಡುವವರು. ಸೀನಿಯರನ್ನು ಕೇಳದೆ ಅದನ್ನು ತೆಗೆದೆ. ಅದು ದೌರ್ಬಲ್ಯ ಒಪ್ಪಿಕೊಂಡಂತೆ ಅಲ್ಲ, ಪ್ರತಿ ಕೌಂಟರಿನಲ್ಲೂ ಇರುವ ಮಾಮೂಲಿ ಪ್ಯಾರಾ ಅನ್ನುವುದು ಗೊತ್ತಿದ್ದೂ ಅವರ ಮುಂದೆ ಬಾಯಿ ಬರಲಿಲ್ಲ.

ಎನ್‌ಕ್ವೈರಿ ಫೈಲನ್ನು ಓದಿರಲಿಲ್ಲ ಅಂತೇನಲ್ಲ. ಪುಟಪುಟಕ್ಕೂ ಸಹಿ ಇದೆಯಾ ಅಂತ ನೋಡಿದ್ದೆ, ಇತ್ತು. ನಡಾವಳಿ ಪೂರ್ತಿ ಇಂಗ್ಲಿಷ್, ಕೆಳಗೆ ಆ ವಿಜಯಪುರದ ಹುಡುಗನ ದುಂಡನೆಯ ಕನ್ನಡ ಸಹಿ. ‘ಕನ್ನಡದಲ್ಲಿ ಓದಿ ಹೇಳಲಾಯಿತು’ ಅನ್ನುವ ಸಾಲು ಎಲ್ಲೂ ಇರಲಿಲ್ಲ. ನೆರವಿಗೆ ಜೊತೆ ಕೆಲಸಗಾರನೊಬ್ಬ ಬೇಕು ಅಂತ ಅವನು ಕೊಟ್ಟ ಅರ್ಜಿಯ ಮೇಲೆ ಎನ್‌ಕ್ವೈರಿ ಆಫೀಸರ್ ‘ರಿಜೆಕ್ಟೆಡ್’ ಅಂತ ಬರೆದಿದ್ದರು. ಕಾರಣ ಇರಲಿಲ್ಲ. ಸಹಿ ಎಣಿಸುವ ಭರದಲ್ಲಿ ಎರಡೂ ನನ್ನ ಕಣ್ಣು ತಪ್ಪಿದವು.

ಎನ್‌ಕ್ವೈರಿ ನ್ಯಾಯವಾಗಿ ನಡೆದಿಲ್ಲ ಅಂತ ಕೋರ್ಟ್ ಹೇಳಿತು. ಆ ಪ್ಯಾರಾ ಸೇರಿಸಲು ತಿದ್ದುಪಡಿ ಅರ್ಜಿ ಹಾಕಿದೆ. ತಡವಾಯಿತು ಅಂತ ವಜಾ ಆಯಿತು. ಹೈಕೋರ್ಟ್ ಮಧ್ಯೆ ಬರಲಿಲ್ಲ. ಏಟು ತಿಂದ ಸೂಪರ್‌ವೈಸರ್ ರಜೆ ಹಾಕಿ ಸಾಕ್ಷಿ ಹೇಳಲು ಬಂದಿದ್ದರು. ಐಟಿಐ ಮುಗಿಸಿ ಅದೇ ಪ್ರೆಸ್ ಮೇಲೆ ದುಡಿದು ಮೇಲೆ ಬಂದ ಮನುಷ್ಯ. ‘ನನ್ನನ್ನ ಕರೆಯೋದೇ ಇಲ್ವಾ ಸಾರ್?’ ಅಂದರು. ಇಲ್ಲ ಅಂದೆ. ಮರುನೇಮಕ, ಅರ್ಧ ಬ್ಯಾಕ್ ವೇಜಸ್ (ಕೆಲಸದಿಂದ ಹೊರಗಿದ್ದ ಅವಧಿಯ ಸಂಬಳ) ಅಂತ ಅವಾರ್ಡ್, ಅಂದರೆ ತೀರ್ಪು, ಬಂತು. ಅದನ್ನು ಪ್ರಶ್ನಿಸಿ ಕಂಪನಿ ಹೈಕೋರ್ಟಿನಲ್ಲಿ ರಿಟ್ ಹಾಕಿದ ಮೇಲೆ 17ಬಿ ಕಲಮಿನಡಿ, ಕೇಸು ಮುಗಿಯುವವರೆಗೆ ಅವನಿಗೆ ಕೊನೆಯ ಸಂಬಳವನ್ನು ತಿಂಗಳು ತಿಂಗಳು ಕಟ್ಟಬೇಕಾಯಿತು. ಕಂಪನಿ ಸುಸ್ತಾಗಿ ರಾಜಿಗೆ ಬಂತು, ಫೈಲುಗಳನ್ನೆಲ್ಲ ಬೇರೆ ಆಫೀಸಿಗೆ ಒಯ್ದಿತು. ನನ್ನ ಸೀನಿಯರ್ ಬಹಳ ಕಾಲ ನನಗೆ ಕೋರ್ಟಿನಿಂದ ಮುಂದಿನ ಡೇಟ್ ತೆಗೆದುಕೊಂಡು ಬರುವ ಕೆಲಸ ಮಾತ್ರ ಕೊಟ್ಟರು.

ಹಾಗಾಗಿ ‘ಕಾರ್ಮಿಕರ ವಿರುದ್ಧ’ ಅಂತ ನೀವು ಬರೆದಿರುವುದನ್ನು ನಾನು ಒಪ್ಪುವುದಿಲ್ಲ. ಆ ಸೂಪರ್‌ವೈಸರ್ ಯಾರ ಕಡೆ? ಗಾರ್ಮೆಂಟ್ಸಿನಲ್ಲಿ ಹೆಣ್ಣುಮಗಳೊಬ್ಬಳ ದೂರಿನ ಮೇಲೆ ಫ್ಲೋರ್ ಇನ್‌ಚಾರ್ಜನನ್ನು ವಜಾ ಮಾಡಿದರೆ ಆ ಆದೇಶವನ್ನು ಕೋರ್ಟಿನಲ್ಲಿ ಉಳಿಸಬೇಕಾದವನು ಮ್ಯಾನೇಜ್‌ಮೆಂಟ್ ವಕೀಲನೇ. ಹೊಲಸು ಕೆಲಸವೂ ಬರುತ್ತದೆ, ಇಲ್ಲ ಅನ್ನುವುದಿಲ್ಲ. ‘240 ದಿನ ತುಂಬೋದಕ್ಕೆ ಮುಂಚೆ ತೆಗೆದು ಮತ್ತೆ ಹೊಸದಾಗಿ ತಗೊಳ್ಳೋಣ’ (ಅಷ್ಟು ದಿನ ದುಡಿದವನನ್ನು ನೋಟಿಸ್, ಪರಿಹಾರ ಇಲ್ಲದೆ ತೆಗೆಯುವಂತಿಲ್ಲ), ‘ರೂಮಿಗೆ ಕರೆದು ರಾಜೀನಾಮೆ ಬರೆಸಿಕೊಳ್ಳೋಣ’ ಅನ್ನುವವರಿಗೆ ಆಗುವುದಿಲ್ಲ ಅಂತ ಮುಖಕ್ಕೆ ಹೇಳಬೇಕು. ಪೆನ್ಸಿಲ್ ಗೆರೆಗೇ ತಲೆಬಾಗಿದವನು ಇದಕ್ಕೂ ತಲೆಬಾಗುತ್ತಾನೆ. ನಿಮ್ಮ ಚಿಂತೆ ಅದರ ಬಗ್ಗೆ ಇರಲಿ.

ಇನ್ನೊಂದು ತಮಾಷೆ ಕೇಳಿ: ಹಳೆಯ ಕಾಯ್ದೆಯ 36(4) ಕಲಂ ಪ್ರಕಾರ ಎದುರಿನವರು ಒಪ್ಪಿ, ಕೋರ್ಟೂ ಅನುಮತಿ ಕೊಟ್ಟರೆ ಮಾತ್ರ ಲೇಬರ್ ಕೋರ್ಟಿನಲ್ಲಿ ವಕೀಲನಿಗೆ ಜಾಗವಿತ್ತು. ಯೂನಿಯನ್ ಲೀಡರ್ ಆಕ್ಷೇಪಣೆ ಎತ್ತಿದರೆ ನಮ್ಮ ಕೋಟು ಬ್ಯಾಂಡು ಎಲ್ಲ ಹೊರಗೇ. ಕನ್ಸಿಲಿಯೇಷನ್ನಿಗಂತೂ (ಸಂಧಾನದ ಮಾತುಕತೆಗೆ) ವಕೀಲರಿಗೆ ಪ್ರವೇಶವೇ ಇರಲಿಲ್ಲ. ಆ ಕಾಯ್ದೆಯ ಬದಲಿಗೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಯಾಗಿದೆ, ಕಲಂ ನಂಬರುಗಳನ್ನು ನಾವೂ ಹೊಸದಾಗಿ ಬಾಯಿಪಾಠ ಮಾಡುತ್ತಿದ್ದೇವೆ. ನಿಮಗೆ ಸೇರಲು ಒಳ್ಳೆಯ ಕಾಲವೇ.

ಇಂಟರ್‌ವ್ಯೂನಲ್ಲಿ ಸಂಬಳದ ಜೊತೆಗೆ ಎರಡು ವಿಷಯ ಕೇಳಿ. ಕ್ಲೈಂಟ್ ತಿದ್ದಿದ ಕರಡಿನ ಮೇಲೆ ಕೊನೆಯ ಮಾತು ಯಾರದು? ಯಾರ ಕೇಸು ನಡೆಸುತ್ತಾರೋ ಅದೇ ಕಂಪನಿಗೆ ಅವರ ವಕೀಲರು ಎನ್‌ಕ್ವೈರಿ ಆಫೀಸರ್ ಆಗಿಯೂ ಕೂರುತ್ತಾರಾ? ಎರಡನೆಯದಕ್ಕೆ ಹೌದು ಅಂದರೆ ಬೇರೆ ಆಫೀಸು ನೋಡಿಕೊಳ್ಳಿ, ಬೆಂಗಳೂರಿನಲ್ಲಿ ಲೇಬರ್ ಕೆಲಸಕ್ಕೆ ಬರವಿಲ್ಲ.